ಕಡಲಾಚೆಯ ವಿದ್ಯೆ ಮತ್ತು ಋಷಿಋಣ

ವಿಜ್ಞಾನ ಸಂಶೋಧನೆಯನ್ನೇ ಬದುಕಾಗಿ ಆರಿಸಿಕೊಂಡು ಹುಟ್ಟಿದ ನಾಡನ್ನು ಬಿಟ್ಟು ಹೋಗುವ ವಿದ್ಯಾರ್ಥಿಯ ವಿಷಯದಲ್ಲಿ ಸಮಾಜವು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಎರಡು: ಅಲ್ಲಿ ಏನು ಸಾಧಿಸಿದರು ಎಂಬುದು ಮೊದಲನೆಯದು, ಮರಳಿ ಬಂದರೇ ಇಲ್ಲವೇ ಎಂಬುದು ಎರಡನೆಯದು. ಇವೆರಡರ ತಳದಲ್ಲಿ, ಅರ್ಥಶಾಸ್ತ್ರಕ್ಕಿಂತಲೂ ರಾಜಕಾರಣಕ್ಕಿಂತಲೂ ಧರ್ಮವಿಚಾರಕ್ಕೆ ಹೆಚ್ಚು ಹತ್ತಿರವಾದ ಮೂರನೆಯ ಪ್ರಶ್ನೆಯೊಂದಿದೆ. ವಿದ್ಯೆಯನ್ನು ಪಡೆದವರು ಯಾರಿಗೆ ಋಣಿಗಳು, ಆ ಋಣ ಹೇಗೆ ತೀರುತ್ತದೆ, ಅದನ್ನು ತೀರಿಸಲು ಇಂಥದೇ ನೆಲದ ಮೇಲೆ ನಿಂತಿರಬೇಕೇ ಎಂಬುದೇ ಆ ಪ್ರಶ್ನೆ. ಭಾರತೀಯ ಚಿಂತನೆಯಲ್ಲಿ ಈ ಪ್ರಶ್ನೆಗೆ ಬಹಳ ಹಳೆಯದಾದ ಒಂದು ಉತ್ತರದ ಬೀಜವಿದೆ. ಇಂದಿನ ಸಂಶೋಧಕರ ಬದುಕಿನ ಎದುರು ಅದನ್ನು ಇಟ್ಟು ನೋಡಿದಾಗ, ಹೋದವರನ್ನು ದೂಷಿಸುವ ಮಾತಿನಲ್ಲಿಯೂ ಹೋಗುವುದೆಲ್ಲ ವ್ಯಕ್ತಿಯ ಇಚ್ಛೆಯೆಂದು ಕೈತೊಳೆದುಕೊಳ್ಳುವ ಮಾತಿನಲ್ಲಿಯೂ ಕಾಣದ ತೂಕವು ಅದರಲ್ಲಿ ಕಾಣುತ್ತದೆ.

ಮೊದಲಿಗೆ ಈ ದಾರಿ ಎಂಥದೆಂಬುದನ್ನು ತಿಳಿಯಬೇಕು. ಅಮೆರಿಕದ ವಿಶ್ವವಿದ್ಯಾನಿಲಯಗಳಲ್ಲಿ ವಿಜ್ಞಾನದ ಪಿಎಚ್.ಡಿ. ಪದವಿಗೆ ಸಾಮಾನ್ಯವಾಗಿ 5ರಿಂದ 6 ವರ್ಷ ಹಿಡಿಯುತ್ತದೆ. ಆ ಅವಧಿಯಲ್ಲಿ ಬಹುಪಾಲು ವಿದ್ಯಾರ್ಥಿಗಳು ಕೈಯಿಂದ ಶುಲ್ಕ ಕಟ್ಟುವವರಲ್ಲ. ಕೆಳಗಿನ ತರಗತಿಗಳಿಗೆ ಪಾಠ ಹೇಳುವ ಅಥವಾ ಪ್ರಾಧ್ಯಾಪಕರ ಪ್ರಯೋಗಾಲಯದಲ್ಲಿ ದುಡಿಯುವ ಅಸಿಸ್ಟೆಂಟ್‌ಷಿಪ್ ಎಂಬ ವ್ಯವಸ್ಥೆಯಿಂದ ಶುಲ್ಕ ಮನ್ನಾ ಆಗುವುದರ ಜೊತೆಗೆ ತಿಂಗಳ ಖರ್ಚಿಗೆ ಸ್ಟೈಪೆಂಡ್ ದೊರೆಯುತ್ತದೆ. ಪದವಿಯ ನಂತರ, ಇನ್ನೊಬ್ಬ ಹಿರಿಯ ವಿಜ್ಞಾನಿಯ ಬಳಿ ಕೆಲವು ವರ್ಷ ಕೆಲಸ ಮಾಡುವ ಪೋಸ್ಟ್‌ಡಾಕ್ ಎಂಬ ಘಟ್ಟವನ್ನು ದಾಟಿದ ಮೇಲೆಯೇ ಸ್ವಂತ ಪ್ರಯೋಗಾಲಯವನ್ನು ಕಟ್ಟುವ ಅವಕಾಶ, ಅದೂ ಕೆಲವರಿಗೆ ಮಾತ್ರ, ಬರುತ್ತದೆ. ಹೀಗಾಗಿ ಇಂಥವರ ಶಾಲೆ ಕಾಲೇಜುಗಳ ವೆಚ್ಚದ ದೊಡ್ಡ ಪಾಲನ್ನು ಒಂದು ದೇಶದ ತೆರಿಗೆದಾರರು ಹೊತ್ತಿದ್ದರೆ ಸಂಶೋಧನೆಯ ತರಬೇತಿಯ ವೆಚ್ಚವನ್ನು ಇನ್ನೊಂದು ದೇಶದ ತೆರಿಗೆದಾರರು ಹೊತ್ತಿರುತ್ತಾರೆ. ಪರದೇಶದಲ್ಲಿ ಸಂಶೋಧಕರಾದವರು ಎರಡು ನಾಡುಗಳ ಅನ್ನವನ್ನು ಉಂಡವರು ಎಂಬ ಈ ಸಂಗತಿಯನ್ನು ಮರೆತು ನಡೆಸುವ ಯಾವ ಚರ್ಚೆಯೂ ಅರ್ಧ ಚರ್ಚೆಯೇ ಆಗಿರುತ್ತದೆ.

ಅಲೆದು ಕಲಿಯುವ ಪರಂಪರೆ

ವಿದ್ಯೆಗಾಗಿ ದೂರ ಹೋಗುವುದು ಭಾರತದಲ್ಲಿ ಹೊಸದಲ್ಲ. ಬೃಹದಾರಣ್ಯಕ ಉಪನಿಷತ್ತಿನಲ್ಲಿ ಜನಕನ ಸಭೆಯಲ್ಲಿ ಯಾಜ್ಞವಲ್ಕ್ಯನನ್ನು ಪ್ರಶ್ನಿಸುವ ಭುಜ್ಯು ಮತ್ತು ಉದ್ದಾಲಕ ಆರುಣಿ ಇಬ್ಬರೂ, ತಾವು ಮದ್ರದೇಶದಲ್ಲಿ, ಅಂದರೆ ಇಂದಿನ ಪಂಜಾಬಿನ ಕಡೆಯ ಸೀಮೆಯಲ್ಲಿ, ಪತಂಚಲ ಕಾಪ್ಯನೆಂಬವನ ಮನೆಗೆ ಹೋಗಿದ್ದುದನ್ನು ನೆನೆಯುತ್ತಾರೆ. ಭುಜ್ಯುವು ಹೋದದ್ದು ವಿದ್ಯೆಯನ್ನು ಅರಸಿ ಅಲೆಯುವ ವಿದ್ಯಾರ್ಥಿಯಾಗಿ, ಉದ್ದಾಲಕನು ಅಲ್ಲಿ ನೆಲೆಸಿದ್ದು ಯಜ್ಞಶಾಸ್ತ್ರದ ಅಧ್ಯಯನಕ್ಕಾಗಿ. ಪ್ರಶ್ನೋಪನಿಷತ್ತಿನಲ್ಲಿ ಕೋಸಲ, ವಿದರ್ಭ ಮೊದಲಾದ ಬೇರೆ ಬೇರೆ ನಾಡುಗಳ ಹೆಸರನ್ನು ಹೊತ್ತ ಆರು ಮಂದಿ ಸಮಿತ್ತನ್ನು ಹಿಡಿದು ಪಿಪ್ಪಲಾದ ಋಷಿಯ ಬಳಿಗೆ ಬರುತ್ತಾರೆ. ಒಂದು ವರ್ಷ ತಪಸ್ಸು ಶ್ರದ್ಧೆಗಳಿಂದ ಇಲ್ಲಿದ್ದು ಆಮೇಲೆ ಬೇಕಾದುದನ್ನು ಕೇಳಬಹುದೆಂದೂ, ತನಗೆ ತಿಳಿದಿದ್ದರೆ ಎಲ್ಲವನ್ನೂ ಹೇಳುವುದಾಗಿಯೂ ಆ ಋಷಿಯು ನುಡಿಯುತ್ತಾನೆ. ತಿಳಿದಿದ್ದರೆ ಮಾತ್ರ ಹೇಳುತ್ತೇನೆಂಬ ಗುರುವಿನ ಪ್ರಾಮಾಣಿಕತೆಯೂ, ಕೇಳುವ ಮೊದಲು ಜೊತೆಯಲ್ಲಿ ಬಾಳಬೇಕೆಂಬ ನಿಯಮವೂ ಇಂದಿನ ಸಂಶೋಧನ ಮಾರ್ಗದರ್ಶನದ ಸಾರವೇ ಆಗಿವೆ.

ಹೊರಗಿನವರು ಈ ನಾಡಿಗೆ ಬಂದು ಕಲಿತದ್ದಕ್ಕೂ ಅಂಥದೇ ಇತಿಹಾಸವಿದೆ. 7ನೆಯ ಶತಮಾನದಲ್ಲಿ ಚೀನಾದ ಭಿಕ್ಷು ಹ್ಯೂಯೆನ್ ತ್ಸಾಂಗ್, ಗಡಿ ದಾಟಬಾರದೆಂಬ ರಾಜಾಜ್ಞೆಯನ್ನು ಮೀರಿ ಹೊರಟು, ನಾಲಂದದಲ್ಲಿ ಶೀಲಭದ್ರರ ಶಿಷ್ಯನಾಗಿ ಯೋಗಾಚಾರವೆಂಬ ಬೌದ್ಧ ದರ್ಶನವನ್ನು ಅಭ್ಯಾಸ ಮಾಡಿದನು. ದಖನ್ನಿನಲ್ಲಿ ಇಮ್ಮಡಿ ಪುಲಕೇಶಿಯ ರಾಜ್ಯವನ್ನೂ ಕಂಡು ಅದರ ವರ್ಣನೆಯನ್ನು ಬರೆದಿಟ್ಟನು. ಆತನ ಶಿಷ್ಯರು ಬರೆದ ಚರಿತ್ರೆಯ ಪ್ರಕಾರ, ಹಿಂದಿರುಗುವ ಹೊತ್ತು ಬಂದಾಗ ನಾಲಂದದ ಭಿಕ್ಷುಗಳು ಬುದ್ಧನು ಹುಟ್ಟಿದ ನೆಲವನ್ನು ಬಿಟ್ಟು ಹೋಗುವುದೇಕೆಂದು ಕೇಳಿ ತಡೆದರು. ಧರ್ಮವನ್ನು ತಾನೊಬ್ಬನೇ ಸವಿದು ಇನ್ನೂ ಅದನ್ನು ಕಾಣದವರನ್ನು ಮರೆಯುವುದು ಸರಿಯಲ್ಲವೆಂಬುದು ಆತನ ಉತ್ತರದ ತಾತ್ಪರ್ಯವಾಗಿತ್ತು. 645ರಲ್ಲಿ 657 ಗ್ರಂಥಗಳೊಡನೆ ಚಾಂಗಾನ್ ನಗರವನ್ನು ಸೇರಿದ ಆತ ತನ್ನ ಉಳಿದ ಬದುಕನ್ನೆಲ್ಲ ಅನುವಾದಕ್ಕೆ ಮುಡಿಪಿಟ್ಟನು. ಆತನು ಮರಳಿದ್ದು ಹುಟ್ಟಿದ ಮಣ್ಣಿನ ಸೆಳೆತದಿಂದಲ್ಲ, ಕಲಿಸಬೇಕಾದವರು ಅಲ್ಲಿದ್ದಾರೆಂಬ ಅರಿವಿನಿಂದ ಎಂಬುದು ಇಲ್ಲಿ ಮುಖ್ಯ.

ಸಮುದ್ರಯಾನದ ನಿಷೇಧ

ಆದರೆ ಇದೇ ಭಾರತದಲ್ಲಿ ಕಡಲನ್ನು ದಾಟುವುದು ಪತನಕ್ಕೆ ಕಾರಣವೆಂಬ ಭಾವನೆಯೂ ಬೇರೂರಿತು. ಬೌಧಾಯನ ಧರ್ಮಸೂತ್ರವು ಸಮುದ್ರಯಾನವನ್ನು ಪತನೀಯ, ಅಂದರೆ ಮನುಷ್ಯನನ್ನು ತನ್ನ ಸ್ಥಾನದಿಂದ ಬೀಳಿಸುವ, ಕರ್ಮಗಳ ಪಟ್ಟಿಯಲ್ಲಿ ಸೇರಿಸುತ್ತದೆ. ಅದೇ ಗ್ರಂಥವು ಉತ್ತರದವರಲ್ಲಿ ರೂಢಿಯಲ್ಲಿರುವ ವಿಶೇಷ ಆಚಾರಗಳನ್ನು ಎಣಿಸುವಾಗ ಸಮುದ್ರಯಾನವನ್ನೂ ಹೇಳುವುದರಿಂದ, ನಿಷೇಧವಿದ್ದ ಕಾಲದಲ್ಲಿಯೇ ಜನರು ಕಡಲನ್ನು ದಾಟುತ್ತಿದ್ದರೆಂಬುದು ಸ್ಪಷ್ಟವಾಗುತ್ತದೆ. ಮನುಸ್ಮೃತಿಯು ಸಮುದ್ರಯಾತ್ರೆ ಮಾಡಿದವನನ್ನು ಶ್ರಾದ್ಧಕ್ಕೆ ಕರೆಯಬಾರದೆನ್ನುತ್ತದೆ, ಆದರೆ ಬಡ್ಡಿಯ ದರವನ್ನು ನಿಗದಿ ಮಾಡುವಲ್ಲಿ ಸಮುದ್ರಯಾನದಲ್ಲಿ ಪರಿಣತರಾದವರ ಮಾತನ್ನು ಪ್ರಮಾಣವೆಂದು ಒಪ್ಪುತ್ತದೆ. ಮುಂದೆ ಕಲಿವರ್ಜ್ಯಗಳು, ಎಂದರೆ ಹಿಂದಿನ ಯುಗಗಳಲ್ಲಿ ಸಲ್ಲುತ್ತಿದ್ದು ಕಲಿಯುಗದಲ್ಲಿ ಬಿಡಬೇಕಾದ ಆಚರಣೆಗಳು, ಎಂಬ ಪಟ್ಟಿಗಳು ಬೆಳೆದಾಗ, ಕಡಲನ್ನು ದಾಟಿದ ದ್ವಿಜನನ್ನು ಪ್ರಾಯಶ್ಚಿತ್ತದ ನಂತರವೂ ಬಳಗಕ್ಕೆ ಸೇರಿಸಿಕೊಳ್ಳಬಾರದೆಂಬ ಕಟ್ಟುಪಾಡು ಅವುಗಳಲ್ಲಿ ಸೇರಿಕೊಂಡಿತು.

ಈ ನಿಷೇಧದ ಭಾರವನ್ನು ಗಣಿತಜ್ಞ ಶ್ರೀನಿವಾಸ ರಾಮಾನುಜನ್ನರ ಬದುಕು ತೋರಿಸುತ್ತದೆ. 1913ರ ಜನವರಿಯಲ್ಲಿ ಅವರು ಬರೆದ ಪತ್ರವನ್ನು ಕಂಡು ಕೇಂಬ್ರಿಜ್‌ನ ಗಣಿತಜ್ಞ ಜಿ. ಎಚ್. ಹಾರ್ಡಿ ಕರೆ ಕಳುಹಿಸಿದಾಗ, ಮೊದಲು ಅವರು ಒಪ್ಪಲಿಲ್ಲ. ಕುಟುಂಬದ ಆಚಾರನಿಷ್ಠೆ ಅಡ್ಡವಾಗಿತ್ತು. 1914ರ ಆರಂಭದಲ್ಲಿ ಮದರಾಸಿಗೆ ಬಂದಿದ್ದ ಕೇಂಬ್ರಿಜ್‌ನ ಇನ್ನೊಬ್ಬ ಗಣಿತಜ್ಞ ಇ. ಎಚ್. ನೆವಿಲ್ ಅವರೊಡನೆ ಮಾತನಾಡುವ ಹೊತ್ತಿಗೆ ಅವರ ಮನಸ್ಸು ತಿರುಗಿತ್ತು. ಮನೆದೇವತೆಯಾದ ನಾಮಕ್ಕಲ್ಲಿನ ನಾಮಗಿರಿಯು ತಾಯಿಯ ಕನಸಿನಲ್ಲಿ ಅನುಮತಿ ಕೊಟ್ಟಳೆಂಬ ಕಥನವೂ ಪ್ರಚಲಿತವಾಗಿದೆ. ಮದರಾಸು ವಿಶ್ವವಿದ್ಯಾನಿಲಯವು ವರ್ಷಕ್ಕೆ 250 ಪೌಂಡಿನ ವಿದ್ಯಾರ್ಥಿವೇತನವನ್ನು ಕೊಟ್ಟಿತು, 1914ರ ಮಾರ್ಚ್ 17ರಂದು ಹಡಗು ಹೊರಟಿತು. ಇಂಗ್ಲೆಂಡಿನ ಚಳಿಯಲ್ಲಿ, ಯುದ್ಧಕಾಲದ ಕೊರತೆಯ ನಡುವೆ, ಸಸ್ಯಾಹಾರದ ವ್ರತವನ್ನು ಬಿಡದೆ ತಾವೇ ಅಡುಗೆ ಮಾಡಿಕೊಂಡು ಅವರು ಬಾಳಿದರು. 1918ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆದರು. 1919ರಲ್ಲಿ ಕಾಯಿಲೆಯಿಂದ ಬಸವಳಿದು ಮರಳಿ, 1920ರ ಏಪ್ರಿಲ್ 26ರಂದು ತೀರಿಕೊಂಡರು. ಕಡಲನ್ನು ದಾಟಿದ್ದಕ್ಕೆ ಪ್ರಾಯಶ್ಚಿತ್ತವಾಗಿ ರಾಮೇಶ್ವರಕ್ಕೆ ಹೋಗಲು ಅನಾರೋಗ್ಯವು ಬಿಡದೆ ಹೋದ ಕಾರಣ, ಸಂಪ್ರದಾಯನಿಷ್ಠರಾದ ಬಂಧುಗಳಲ್ಲಿ ಹಲವರು ಅವರ ಅಂತ್ಯಕ್ರಿಯೆಯಿಂದ ದೂರ ಉಳಿದರು.

ಈ ನಡವಳಿಕೆಯನ್ನು ಬರಿಯ ಮೂಢನಂಬಿಕೆಯೆಂದು ತಳ್ಳಿಹಾಕಿದರೆ ಅದರೊಳಗಿದ್ದ ಭಯವು ಅರ್ಥವಾಗುವುದಿಲ್ಲ. ನಿತ್ಯಕರ್ಮಗಳು ಕೆಡುತ್ತವೆ, ಆಹಾರದ ನಿಯಮ ತಪ್ಪುತ್ತದೆ, ಹಿರಿಯರ ಶ್ರಾದ್ಧಕ್ಕೆ ಮಗನಿಲ್ಲದಂತಾಗುತ್ತದೆ, ಹೋದವನು ಹೋದವನಾಗಿಯೇ ಮರಳುವುದಿಲ್ಲ ಎಂಬ ಆತಂಕಗಳು ಆ ನಿಷೇಧದ ಹಿಂದೆ ಇದ್ದವು. ಮನುಷ್ಯನನ್ನು ಅವನ ಕರ್ತವ್ಯಗಳೊಡನೆ ಕಟ್ಟಿಹಾಕುವ ಹಗ್ಗ ನೆಲದಲ್ಲಿದೆ ಎಂದು ಭಾವಿಸಿದ ಸಮಾಜವು ನೆಲವನ್ನು ಬಿಡುವುದೇ ಕರ್ತವ್ಯವನ್ನು ಬಿಡುವುದೆಂದು ತಿಳಿಯಿತು. ಪ್ರತಿಭಾ ಪಲಾಯನವೆಂಬ 20ನೆಯ ಶತಮಾನದ ಆರೋಪವೂ ಇದೇ ಅಚ್ಚಿನಲ್ಲಿ ಎರಕಗೊಂಡದ್ದು: ಪಾಪದ ಜಾಗದಲ್ಲಿ ದೇಶದ್ರೋಹದ ಛಾಯೆ ಬಂದಿತು, ಪ್ರಾಯಶ್ಚಿತ್ತದ ಜಾಗದಲ್ಲಿ ಮರಳಿ ಬರುವಿಕೆ ಬಂದಿತು, ಆದರೆ ಕರ್ತವ್ಯವೆಂಬುದು ವಾಸಸ್ಥಳದ ಗುಣವೆಂಬ ಗ್ರಹಿಕೆ ಮಾತ್ರ ಬದಲಾಗಲಿಲ್ಲ. ಈ ಗ್ರಹಿಕೆ ಸರಿಯೇ ಎಂಬುದನ್ನು ಪರೀಕ್ಷಿಸಬೇಕಾದರೆ, ಧರ್ಮಶಾಸ್ತ್ರಕ್ಕಿಂತಲೂ ಹಳೆಯದಾದ ವೈದಿಕ ಋಣಕಲ್ಪನೆಯ ಕಡೆಗೆ ತಿರುಗಬೇಕು.

ನಾಲ್ಕು ಋಣಗಳು

ತೈತ್ತಿರೀಯ ಸಂಹಿತೆಯು ಬ್ರಾಹ್ಮಣನು ಹುಟ್ಟುವಾಗಲೇ ಮೂರು ಋಣಗಳನ್ನು ಹೊತ್ತು ಹುಟ್ಟುತ್ತಾನೆಂದು ಹೇಳುತ್ತದೆ: ಬ್ರಹ್ಮಚರ್ಯದಿಂದ, ಎಂದರೆ ಅಧ್ಯಯನದ ಬಾಳ್ವೆಯಿಂದ, ತೀರಿಸಬೇಕಾದ ಋಷಿಋಣ, ಯಜ್ಞದಿಂದ ತೀರಿಸಬೇಕಾದ ದೇವಋಣ, ಸಂತಾನದಿಂದ ತೀರಿಸಬೇಕಾದ ಪಿತೃಋಣ. ಶತಪಥ ಬ್ರಾಹ್ಮಣವು ಇದಕ್ಕೆ ನಾಲ್ಕನೆಯದಾಗಿ ಮನುಷ್ಯಋಣವನ್ನು ಸೇರಿಸಿ, ಮನೆಗೆ ಬಂದ ಮನುಷ್ಯರಿಗೆ ವಸತಿಯನ್ನೂ ಅನ್ನವನ್ನೂ ಕೊಡುವುದರಿಂದ ಅದು ತೀರುತ್ತದೆಂದು ವಿವರಿಸುತ್ತದೆ. ವೇದವನ್ನು ಕಲಿತವನನ್ನು ಋಷಿಗಳ ನಿಧಿಯನ್ನು ಕಾಯುವವನೆಂದು ಕರೆಯುತ್ತದೆ. ಮೂಲದಲ್ಲಿ ತೈತ್ತಿರೀಯ ಸಂಹಿತೆಯ ಮಾತು ಒಂದು ವರ್ಣವನ್ನು ಕುರಿತದ್ದು, ಈ ಮಾತುಗಳೆಲ್ಲ ವಿದ್ಯೆಯ ಬಾಗಿಲನ್ನು ಬಹುಜನರಿಗೂ ಹೆಂಗಸರಿಗೂ ಮುಚ್ಚಿದ ಸಮಾಜದಲ್ಲಿ ಬಳಕೆಯಾದವು ಎಂಬುದನ್ನು ಮರೆಮಾಚಬೇಕಾಗಿಲ್ಲ. ಆದರೆ ಒಂದು ವಿಚಾರವು ಹುಟ್ಟಿದ ಎಲ್ಲೆಯನ್ನು ಮೀರಿ ನಿಲ್ಲಬಲ್ಲುದೇ ಎಂಬುದು ಅದರ ಸತ್ತ್ವದ ಪರೀಕ್ಷೆ. ಕಲಿತವರೆಲ್ಲರೂ, ಯಾವ ಕುಲದವರಾದರೂ ಯಾವ ಮತದವರಾದರೂ, ತಮಗಿಂತ ಹಿಂದೆ ಕಂಡವರಿಗೆ ಋಣಿಗಳೆಂದು ಈ ಮಾತನ್ನು ಹಿಗ್ಗಿಸಿದಾಗ ಅದು ಹರಿಯುವುದಿಲ್ಲ, ಇನ್ನಷ್ಟು ಗಟ್ಟಿಯಾಗುತ್ತದೆ.

ಈ ಋಣಗಳ ರಚನೆಯಲ್ಲಿ ಗಮನಿಸಬೇಕಾದ ವಿಶೇಷವಿದೆ. ಸಾಲವನ್ನು ಕೊಟ್ಟವನಿಗೇ ಹಿಂದಿರುಗಿಸುವುದು ಲೋಕದ ರೀತಿ, ಋಷಿಋಣದಲ್ಲಿ ಹಾಗಾಗುವುದಿಲ್ಲ. ಮಂತ್ರವನ್ನು ಕಂಡ ಋಷಿಯು ಎಂದೋ ಸಂದುಹೋಗಿದ್ದಾನೆ, ಅವನಿಗೆ ಕೊಡುವುದಕ್ಕೆ ಏನೂ ಉಳಿದಿಲ್ಲ. ಪಡೆದುದನ್ನು ಮುಂದಿನವರಿಗೆ ದಾಟಿಸುವುದೊಂದೇ ಅದನ್ನು ತೀರಿಸುವ ಬಗೆ. ತೈತ್ತಿರೀಯ ಉಪನಿಷತ್ತಿನ ಶಿಕ್ಷಾವಲ್ಲಿಯು ಸತ್ಯ, ತಪಸ್ಸು, ಅತಿಥಿಸೇವೆ ಮುಂತಾದ ಪ್ರತಿಯೊಂದು ಕರ್ತವ್ಯದ ಜೊತೆಗೂ ಸ್ವಾಧ್ಯಾಯ ಪ್ರವಚನಗಳನ್ನು, ಎಂದರೆ ತಾನು ಕಲಿಯುವುದನ್ನೂ ಇತರರಿಗೆ ಕಲಿಸುವುದನ್ನೂ, ಬಿಡದೆ ಜೋಡಿಸುತ್ತದೆ. ಗುರುಕುಲದಿಂದ ಹೊರಡುವ ಶಿಷ್ಯನಿಗೆ ಹೇಳುವ ಉಪದೇಶದಲ್ಲಿಯೂ ಇವೆರಡರಲ್ಲಿ ಎಚ್ಚರ ತಪ್ಪಬಾರದೆನ್ನುತ್ತದೆ. ಅಲ್ಲಿ ಶಿಷ್ಯನು ಗುರುವಿನ ಊರಿನಲ್ಲಿಯೇ ಉಳಿಯಬೇಕೆಂಬ ನಿಯಮವಿಲ್ಲ, ತನ್ನ ಊರಿಗೇ ಹೋಗಿ ಕಲಿಸಬೇಕೆಂಬ ನಿಯಮವೂ ಇಲ್ಲ. ವಿದ್ಯೆಯ ಋಣಕ್ಕೆ ಕಾಲದ ದಿಕ್ಕು ಉಂಟು, ಅದು ಮುಂದಕ್ಕೆ ಹರಿಯುತ್ತದೆ. ದೇಶದ ಗಡಿ ಇಲ್ಲ.

ಕನ್ನಡ ನಾಡಿನಲ್ಲಿ 12ನೆಯ ಶತಮಾನದ ಶರಣರು ಇದಕ್ಕೆ ಹತ್ತಿರವಾದ, ಆದರೆ ಹುಟ್ಟಿನ ಭೇದವನ್ನು ಒಪ್ಪದ, ಇನ್ನೊಂದು ದಾರಿಯನ್ನು ಕಂಡರು. ಪ್ರಾಮಾಣಿಕವಾದ ದುಡಿಮೆಯೇ ಪೂಜೆಯೆಂಬ ಕಾಯಕ, ದುಡಿದು ಪಡೆದುದನ್ನು ತನ್ನದೆಂದು ಕೂಡಿಡದೆ ಸಮುದಾಯಕ್ಕೆ ಸಲ್ಲಿಸುವ ದಾಸೋಹ, ಇವೆರಡೂ ಕೂಡಿಯೇ ಪೂರ್ಣವಾಗುತ್ತವೆ ಎಂಬುದು ಅವರ ನಿಲುವು. ಸಂಶೋಧನೆಯನ್ನು ಕಾಯಕವೆಂದು ಒಪ್ಪಿದರೆ, ಅದರ ಫಲವನ್ನು ಪ್ರಕಟಿಸುವುದು, ಕಲಿಸುವುದು, ಕಿರಿಯರ ಕೈಗೆ ಉಪಕರಣವನ್ನು ಕೊಡುವುದು ಜ್ಞಾನದಾಸೋಹವಾಗುತ್ತದೆ. ಕಾಯಕವನ್ನು ಎಲ್ಲಿ ಮಾಡಬೇಕೆಂದು ಶರಣರು ವಿಧಿಸಲಿಲ್ಲ. ದಾಸೋಹವಿಲ್ಲದ ಕಾಯಕವನ್ನು ಮಾತ್ರ ಅವರು ಅರೆಯಾದುದೆಂದು ಬಗೆದರು. ಈ ಎರಡು ಮೂಲಗಳ ಬೆಳಕಿನಲ್ಲಿ ಪರದೇಶದಲ್ಲಿ ಸಂಶೋಧಕರಾದ ಮೂವರ ಬದುಕನ್ನು ನೋಡಬಹುದು.

ಮೂರು ಬದುಕುಗಳು

ಸುಬ್ರಹ್ಮಣ್ಯನ್ ಚಂದ್ರಶೇಖರ್ 1930ರ ಜುಲೈ 31ರಂದು, ಸರ್ಕಾರದ ವಿದ್ಯಾರ್ಥಿವೇತನದ ಮೇಲೆ ಬೊಂಬಾಯಿಯಿಂದ ಹಡಗು ಹತ್ತಿದಾಗ ಅವರಿಗೆ 20 ವರ್ಷ ತುಂಬಿರಲಿಲ್ಲ. ಆ ಪ್ರಯಾಣದಲ್ಲಿಯೇ ಅವರು ಬಿಳಿಯ ಕುಬ್ಜ ನಕ್ಷತ್ರಗಳ, ಅಂದರೆ ಇಂಧನ ತೀರಿದ ಮೇಲೆ ಕುಗ್ಗಿ ಸಾಂದ್ರವಾದ ನಕ್ಷತ್ರಗಳ, ತೂಕಕ್ಕೆ ಒಂದು ಮೇಲ್ಮಿತಿ ಇದೆಯೆಂಬ ಲೆಕ್ಕಕ್ಕೆ ತಳಹದಿ ಹಾಕಿದರು. ಸೂರ್ಯನ ತೂಕದ ಸುಮಾರು 1.4ರಷ್ಟಿರುವ ಆ ಮಿತಿಗೆ ಇಂದು ಅವರದೇ ಹೆಸರಿದೆ. 1937ರಲ್ಲಿ ಷಿಕಾಗೋ ವಿಶ್ವವಿದ್ಯಾನಿಲಯವನ್ನು ಸೇರಿ, 1953ರಲ್ಲಿ ಅಮೆರಿಕದ ಪೌರತ್ವವನ್ನು ಪಡೆದು, 1983ರಲ್ಲಿ ನೊಬೆಲ್ ಪ್ರಶಸ್ತಿಗೆ ಪಾತ್ರರಾದ ಅವರು ತಮ್ಮನ್ನು ನಾಸ್ತಿಕರೆಂದು ಹೇಳಿಕೊಂಡಿದ್ದರು. ಹಾಗಿದ್ದರೂ ಋಷಿಋಣವನ್ನು ಅವರಷ್ಟು ನಿಷ್ಠೆಯಿಂದ ತೀರಿಸಿದವರು ವಿರಳ. 40ಕ್ಕೂ ಹೆಚ್ಚು ಮಂದಿಯನ್ನು ಪಿಎಚ್.ಡಿ.ಗೆ ಸಿದ್ಧಗೊಳಿಸಿದರು, 1952ರಿಂದ 1971ರವರೆಗೆ ಖಭೌತಶಾಸ್ತ್ರದ ಪ್ರಮುಖ ಪತ್ರಿಕೆಯಾದ ಆಸ್ಟ್ರೋಫಿಸಿಕಲ್ ಜರ್ನಲ್‌ನ ಸಂಪಾದಕರಾಗಿ ಇತರರ ಸಂಶೋಧನೆಯನ್ನು ತಿದ್ದಿ ಲೋಕಕ್ಕೆ ಒಪ್ಪಿಸಿದರು, ಬಾಳಿನ ಕೊನೆಯ ವರ್ಷಗಳಲ್ಲಿ ನ್ಯೂಟನ್ನನ ಪ್ರಿನ್ಸಿಪಿಯಾವನ್ನು ಇಂದಿನ ಓದುಗರಿಗಾಗಿ ವಿವರಿಸಿ 1995ರಲ್ಲಿ ಪ್ರಕಟಿಸಿದರು. ಸಂದುಹೋದ ಹಿರಿಯನೊಬ್ಬನ ದರ್ಶನವನ್ನು ಮುಂದಿನವರ ಕೈಗೆ ಇಡುವುದೇ ಋಷಿಋಣದ ಅರ್ಥವಾದರೆ, ಆ ಕೊನೆಯ ಕೃತಿಯು ಅದರ ಶುದ್ಧ ರೂಪ.

ಹರಗೋಬಿಂದ್ ಖೊರಾನಾ 1922ರಲ್ಲಿ, ಇಂದು ಪಾಕಿಸ್ತಾನದಲ್ಲಿರುವ ಪಂಜಾಬಿನ ರಾಯಪುರವೆಂಬ ಸಣ್ಣ ಹಳ್ಳಿಯಲ್ಲಿ, ಪಟವಾರಿಯೆಂಬ ಕಂದಾಯ ನೌಕರನ ಮಗನಾಗಿ ಹುಟ್ಟಿದವರು. ಆ ಊರಿನಲ್ಲಿ ಓದುಬರಹ ಬಲ್ಲ ಕುಟುಂಬ ಬಹುತೇಕ ಅವರದೊಂದೇ. 1945ರಲ್ಲಿ ಸರ್ಕಾರದ ಫೆಲೋಷಿಪ್ ಮೇಲೆ ಲಿವರ್‌ಪೂಲ್‌ಗೆ ಹೋಗಿ 1948ರಲ್ಲಿ ಪಿಎಚ್.ಡಿ. ಮುಗಿಸಿದ ಅವರು, ಜ್ಯೂರಿಕ್‌ನಲ್ಲಿ ವ್ಲಾಡಿಮಿರ್ ಪ್ರೆಲಾಗ್ ಅವರ ಬಳಿ ಕಳೆದ ಕಾಲವು ವಿಜ್ಞಾನ ಮತ್ತು ದುಡಿಮೆಯ ಬಗೆಗಿನ ತಮ್ಮ ದೃಷ್ಟಿಯನ್ನೇ ರೂಪಿಸಿತೆಂದು ಕೃತಜ್ಞತೆಯಿಂದ ನೆನೆದಿದ್ದಾರೆ. ಅವರು 1949ರಲ್ಲಿ ಭಾರತಕ್ಕೆ ಮರಳಿದರು. ದೇಶವಿಭಜನೆಯ ನಂತರದ ಆ ದಿನಗಳಲ್ಲಿ ತಕ್ಕ ಕೆಲಸ ಸಿಗಲಿಲ್ಲ. ಕೇಂಬ್ರಿಜ್, ವ್ಯಾಂಕೂವರ್, ವಿಸ್ಕಾನ್ಸಿನ್‌ಗಳ ಮೂಲಕ ಸಾಗಿದ ಅವರ ದಾರಿ ಆ ನಿರಾಶೆಯಿಂದಲೇ ಹೊರಟದ್ದು. ಜೀವಕೋಶವು ಆನುವಂಶಿಕ ಸಂಕೇತವನ್ನು ಓದಿ ಪ್ರೋಟೀನನ್ನು ಕಟ್ಟುವ ಬಗೆಯನ್ನು ವಿವರಿಸಿದ್ದಕ್ಕಾಗಿ 1968ರ ನೊಬೆಲ್ ಪ್ರಶಸ್ತಿಯು ಅವರಿಗೂ ಇನ್ನಿಬ್ಬರಿಗೂ ಸಂದಿತು. ಹೋದವನು ಮರಳಲಿಲ್ಲವೆಂದು ಅವರ ವಿಷಯದಲ್ಲಿ ಹೇಳುವವರು, ಮರಳಿದಾಗ ಬಾಗಿಲು ತೆರೆಯಲಿಲ್ಲವೆಂಬುದನ್ನೂ ಅದೇ ಉಸಿರಿನಲ್ಲಿ ಹೇಳಬೇಕಾಗುತ್ತದೆ.

ಮೂರನೆಯವರಾದ ಭೌತವಿಜ್ಞಾನಿ ಅಬ್ದುಸ್ ಸಲಾಮ್ ಪಂಜಾಬಿನ ಝಂಗ್ ಪಟ್ಟಣದಿಂದ 1946ರಲ್ಲಿ ಕೇಂಬ್ರಿಜ್‌ಗೆ ಹೋದವರು, ದೃಢವಾದ ದೈವಶ್ರದ್ಧೆಯುಳ್ಳವರು. ವಿದ್ಯೆಗಾಗಿ ಪ್ರವಾಸ ಮಾಡುವುದು ಇಸ್ಲಾಮಿನಲ್ಲಿ ರಿಹ್ಲಾ ಎಂಬ ಹೆಸರಿನಿಂದ ಗೌರವ ಪಡೆದ ಆಚರಣೆ. ಹದೀಸ್‌ಗಾಗಿ, ಎಂದರೆ ಪ್ರವಾದಿಯ ನಡೆನುಡಿಗಳ ವರದಿಗಳಿಗಾಗಿ, ನಡೆಸಿದ ಪ್ರವಾಸಗಳ ಬಗ್ಗೆ 11ನೆಯ ಶತಮಾನದ ಬಾಗ್ದಾದಿನ ವಿದ್ವಾಂಸ ಅಲ್ ಖತೀಬ್ ಒಂದು ಗ್ರಂಥವನ್ನೇ ಬರೆದಿದ್ದಾನೆ. ಸಲಾಮ್ 1951ರಲ್ಲಿ ಲಾಹೋರಿಗೆ ಮರಳಿ ಕಲಿಸಿದರು. ಸಮಾನಚಿಂತಕರಿಲ್ಲದೆ, ಹೊಸ ಪತ್ರಿಕೆಗಳಿಲ್ಲದೆ ಸಂಶೋಧನೆ ಬತ್ತಿಹೋಗುವುದನ್ನು ಕಂಡು 1954ರಲ್ಲಿ ಮತ್ತೆ ಕೇಂಬ್ರಿಜ್‌ಗೆ ಹೋದರು. ತಾವು ಅನುಭವಿಸಿದ ಈ ಸಂಕಟ ಇತರರಿಗೆ ಬರಬಾರದೆಂಬ ಸಂಕಲ್ಪದಿಂದಲೇ 1964ರಲ್ಲಿ ಇಟಲಿಯ ಟ್ರಿಯೆಸ್ಟ್ ನಗರದಲ್ಲಿ ಸೈದ್ಧಾಂತಿಕ ಭೌತವಿಜ್ಞಾನದ ಅಂತರರಾಷ್ಟ್ರೀಯ ಕೇಂದ್ರವನ್ನು ಸ್ಥಾಪಿಸಿದರು. ಬಡ ದೇಶಗಳ ವಿಜ್ಞಾನಿಗಳು ತಮ್ಮ ನಾಡಿನ ಹುದ್ದೆಯನ್ನು ಬಿಡದೆ, ಕೆಲವು ವರ್ಷಗಳ ಅವಧಿಯಲ್ಲಿ ಆಗಾಗ ಕೆಲವು ವಾರಗಳಿಂದ ಮೂರು ತಿಂಗಳವರೆಗೆ ಅಲ್ಲಿಗೆ ಬಂದು ಕೆಲಸ ಮಾಡಿ ಹಿಂದಿರುಗುವ ಅಸೋಸಿಯೇಟ್ ಯೋಜನೆಯು ಆ ಕೇಂದ್ರದ ಜೀವಾಳ. ಪರದೇಶದಲ್ಲಿದ್ದುಕೊಂಡೇ, ತಾನು ಮಾಡಲಾಗದೆ ಹೋದುದನ್ನು ನೂರಾರು ಜನರಿಗೆ ಸಾಧ್ಯವಾಗಿಸಿದ ಇಂಥ ಋಣಸಂದಾಯಕ್ಕೆ ವಿಜ್ಞಾನದ ಇತಿಹಾಸದಲ್ಲಿ ಹೆಚ್ಚಿನ ಉದಾಹರಣೆಗಳಿಲ್ಲ.

ಸಲಾಮ್ ಅವರ ಬದುಕಿನ ಎರಡು ಸಂಗತಿಗಳು ಈ ವಿಚಾರಕ್ಕೆ ಇನ್ನಷ್ಟು ಆಳವನ್ನು ಕೊಡುತ್ತವೆ. ಅವರು ಸೇರಿದ್ದ ಅಹ್ಮದೀಯ ಪಂಥವನ್ನು ಪಾಕಿಸ್ತಾನವು 1974ರಲ್ಲಿ ಸಂವಿಧಾನ ತಿದ್ದುಪಡಿಯ ಮೂಲಕ ಮುಸ್ಲಿಮೇತರವೆಂದು ಘೋಷಿಸಿತು. 1979ರ ನೊಬೆಲ್ ಪ್ರಶಸ್ತಿಯನ್ನು ಪಡೆದ ಅವರ ಸಮಾಧಿಯ ಕಲ್ಲಿನ ಮೇಲಿಂದ ಮುಸ್ಲಿಂ ಎಂಬ ಪದವನ್ನು ಮುಂದೆ ಅಳಿಸಲಾಯಿತು. ರಾಮಾನುಜನ್ನರನ್ನು ಬಂಧುಗಳು ದೂರವಿಟ್ಟಂತೆ ಸಲಾಮ್ ಅವರನ್ನು ಅವರ ರಾಷ್ಟ್ರವೇ ದೂರವಿಟ್ಟಿತು. ಎರಡನೆಯ ಸಂಗತಿ, 1981ರ ಜನವರಿಯಲ್ಲಿ ಅವರು ಕಲ್ಕತ್ತಾಕ್ಕೆ ಬಂದದ್ದು. ವಿಭಜನೆಗೆ ಮುಂಚೆ ಲಾಹೋರಿನಲ್ಲಿ ತಮಗೆ ಗಣಿತವನ್ನು ಕಲಿಸಿದ್ದ ಅನಿಲೇಂದ್ರ ಗಂಗೂಲಿಯವರನ್ನು ಭಾರತ ಸರ್ಕಾರದ ನೆರವಿನಿಂದ ಹುಡುಕಿಸಿ, ವೃದ್ಧಾಪ್ಯದಿಂದ ಹಾಸಿಗೆ ಹಿಡಿದಿದ್ದ ಆ ಗುರುವಿನ ಮನೆಗೆ ಹೋಗಿ ನೊಬೆಲ್ ಪದಕವನ್ನು ಅವರ ಕೈಗಿತ್ತು ಗೌರವಿಸಿದರು. ಗುರು ಹಿಂದೂ, ಶಿಷ್ಯ ಮುಸ್ಲಿಂ; ಕಲಿತ ಊರು ಒಂದು ದೇಶದಲ್ಲಿ, ಗುರು ಇನ್ನೊಂದು ದೇಶದಲ್ಲಿ, ಶಿಷ್ಯನ ನೆಲೆ ಮೂರನೆಯ ದೇಶದಲ್ಲಿ. ವಿದ್ಯೆಯ ಋಣವು ಮತ ಮತ್ತು ಗಡಿಗಳ ಮೇಲೆ ನಿಂತಿಲ್ಲವೆಂಬುದಕ್ಕೆ ಇದಕ್ಕಿಂತ ಬಲವಾದ ಸಾಕ್ಷ್ಯವಿಲ್ಲ.

ದೂರದಿಂದ ತೀರದ ಋಣಗಳು

ಇಷ್ಟರಿಂದ ಹೋದವರೆಲ್ಲರೂ ನಿರ್ದೋಷಿಗಳೆಂಬ ತೀರ್ಮಾನಕ್ಕೆ ಬಂದರೆ ಅದು ಋಣವಿಚಾರವನ್ನು ಅರ್ಧಕ್ಕೆ ನಿಲ್ಲಿಸಿದಂತೆ. ಋಣಗಳು ನಾಲ್ಕು, ಒಂದನ್ನು ತೀರಿಸಿದ್ದರಿಂದ ಇನ್ನೊಂದು ತೀರುವುದಿಲ್ಲ. ಋಷಿಋಣಕ್ಕೆ ಗಡಿ ಇಲ್ಲದಿರಬಹುದು. ಸಂತಾನದಿಂದ ತೀರುವುದೆಂದ ಪಿತೃಋಣವನ್ನು ಹೆತ್ತವರ ಆರೈಕೆಗೂ ಹಿಗ್ಗಿಸಿದರೆ ಅದಕ್ಕೆ ದೇಹದ ಸಾಮೀಪ್ಯ ಬೇಕು. ಮುಪ್ಪಿನ ತಾಯಿಗೆ ಕೈಹಿಡಿದು ನಡೆಸುವವರು ಬೇಕಾಗುತ್ತಾರೆ, ಆಸ್ಪತ್ರೆಯ ಹಾಸಿಗೆಯ ಪಕ್ಕದಲ್ಲಿ ಕೂರುವವರು ಬೇಕಾಗುತ್ತಾರೆ. ಈ ಕೆಲಸಗಳನ್ನು ಹಣದಿಂದಾಗಲಿ ವಿಡಿಯೋ ಕರೆಯಿಂದಾಗಲಿ ಪೂರ್ತಿಯಾಗಿ ಮಾಡಲಾಗದು. ಚಂದ್ರಶೇಖರ್ ಹೊರಡುವಾಗ ತಾಯಿ ಸೀತಾಲಕ್ಷ್ಮಿಯವರು ಕಾಯಿಲೆಯಲ್ಲಿದ್ದರು. ಮಗ ಹೋಗಲೇಬೇಕೆಂದು ಒತ್ತಾಯಿಸಿದವರೂ ಅವರೇ. 1931ರ ಮೇ ತಿಂಗಳಲ್ಲಿ ಅವರು ತೀರಿಕೊಂಡಾಗ ಮಗ ಕೇಂಬ್ರಿಜ್‌ನಲ್ಲಿದ್ದರು. ತಾಯಿಯ ಒಪ್ಪಿಗೆಯು ಮಗನನ್ನು ದೋಷದಿಂದ ಬಿಡಿಸಬಹುದು, ಋಣದಿಂದ ಬಿಡಿಸುವುದಿಲ್ಲ. ಇಂಥ ಋಣವನ್ನು ತೀರಿದೆಯೆಂದು ತನಗೆ ತಾನೇ ಹೇಳಿಕೊಳ್ಳದೆ, ತೀರದ ಋಣವಾಗಿಯೇ ಅದನ್ನು ಹೊತ್ತು ಬಾಳುವುದು ಪ್ರಾಮಾಣಿಕವಾದ ದಾರಿ.

ಮನುಷ್ಯಋಣದ ಮಾತೂ ಹಾಗೆಯೇ. ಬಂದವರಿಗೆ ವಸತಿಯನ್ನೂ ಅನ್ನವನ್ನೂ ಕೊಡಬೇಕೆಂದು ಶತಪಥ ಬ್ರಾಹ್ಮಣವು ವಿಧಿಸಿದ ಈ ಋಣದಲ್ಲಿ ಪರದೇಶದ ವಿದ್ಯಾರ್ಥಿಯು ಮೊದಲು ಅತಿಥಿ, ಆಮೇಲೆ ಆತಿಥೇಯ. ಅಪರಿಚಿತ ನಾಡು ತನಗೆ ಪ್ರಯೋಗಾಲಯದ ಕೀಲಿಯನ್ನೂ ಪುಸ್ತಕಾಲಯವನ್ನೂ ಕೊಟ್ಟಿತೆಂಬುದನ್ನು ನೆನೆಯುವವರು, ನೆಲೆ ಕಂಡ ಮೇಲೆ ಇನ್ನೊಬ್ಬ ಅಪರಿಚಿತನಿಗೆ, ಆತ ಯಾವ ದೇಶದವನೇ ಆಗಿರಲಿ, ಬಾಗಿಲು ತೆರೆಯಲೇಬೇಕು. ವೀಸಾದ ನಿಯಮಗಳು ಬಿಗಿಯಾದಾಗ, ಹೊರಗಿನಿಂದ ಬಂದವರ ಮೇಲೆ ಅನುಮಾನ ಹೆಚ್ಚಿದಾಗ, ಮೊದಲು ಬಂದು ನೆಲೆ ನಿಂತವರು ಮೌನವಾಗಿದ್ದರೆ ಅವರು ಈ ಋಣವನ್ನು ಮರೆತಂತೆ.

ಮರಳಿ ಬಂದವರ ಮಹತ್ವ ಇಲ್ಲಿ ಕಾಣುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿ, ಕೇಂಬ್ರಿಜ್‌ನಲ್ಲಿ 1939ರಲ್ಲಿ ಪಿಎಚ್.ಡಿ. ಪಡೆದ ಕಮಲಾ ಸೊಹೊನಿ ಅದೇ ವರ್ಷ ಮರಳಿ, ಬಡವರ ಆಹಾರವಾದ ಬೇಳೆಕಾಳುಗಳ ಮತ್ತು ತಾಳೆಜಾತಿಯ ಮರಗಳ ಸಿಹಿರಸವಾದ ನೀರಾದ ಪೌಷ್ಟಿಕತೆಯನ್ನು ಅಧ್ಯಯನ ಮಾಡಿದರು. ಬೆಂಗಳೂರಿನಲ್ಲಿ ಸಿ. ವಿ. ರಾಮನ್ನರ ಬಳಿ ಸಂಶೋಧನೆ ನಡೆಸಿದ್ದ ಅನ್ನಾ ಮಣಿ 1945ರಲ್ಲಿ ಲಂಡನ್ನಿಗೆ ಹೋಗಿ ಹವಾಮಾನ ಉಪಕರಣಗಳ ವಿದ್ಯೆಯನ್ನು ಕಲಿತು, 1948ರಲ್ಲಿ ಮರಳಿ, ಆ ಉಪಕರಣಗಳು ಭಾರತದಲ್ಲಿಯೇ ತಯಾರಾಗುವಂತೆ ಮಾಡಿದರು. ರೊದ್ದಂ ನರಸಿಂಹ 1961ರಲ್ಲಿ ಕ್ಯಾಲಿಫೋರ್ನಿಯಾ ತಾಂತ್ರಿಕ ಸಂಸ್ಥೆಯಿಂದ ಪಿಎಚ್.ಡಿ. ಪಡೆದು, ಮರುವರ್ಷವೇ ಬೆಂಗಳೂರಿಗೆ ಬಂದು ದ್ರವಚಲನ ವಿಜ್ಞಾನದ ಒಂದು ಶಾಲೆಯನ್ನೇ ಬೆಳೆಸಿದರು. ಯೋಗವಾಸಿಷ್ಠದ ಆಯ್ದ ಭಾಗಗಳನ್ನು ಇಂಗ್ಲಿಷಿಗೆ ತಂದು ಎರಡು ಪರಂಪರೆಗಳ ಋಣವನ್ನೂ ಸಲ್ಲಿಸಿದರು. ಹಾರ್ವರ್ಡ್‌ನಲ್ಲಿ ಐ. ಡಬ್ಲ್ಯೂ. ಬೈಲಿಯವರೊಡನೆ ಸಸ್ಯಗಳ ಅಂಗರಚನೆಯನ್ನು ಅಭ್ಯಾಸ ಮಾಡಿ ಬಂದ ಬಿ. ಜಿ. ಎಲ್. ಸ್ವಾಮಿಯವರು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಕಲಿಸಿದ್ದಲ್ಲದೆ, ಹಸುರು ಹೊನ್ನು ಮೊದಲಾದ ಕೃತಿಗಳಿಂದ ಸಸ್ಯಶಾಸ್ತ್ರವನ್ನು ಕನ್ನಡದ ಮನೆಮನೆಗೆ ತಂದರು. ಕನ್ನಡದ ಮಟ್ಟಿಗೆ ಋಷಿಋಣವು ತೀರಿದ್ದು ಈ ಬಗೆಯಿಂದ.

ಸಮಾಜದ ಪಾಲಿನ ಕರ್ತವ್ಯ

ಋಣವು ಒಂದೇ ಕಡೆಯದಲ್ಲ. ತೈತ್ತಿರೀಯ ಉಪನಿಷತ್ತಿನಲ್ಲಿ ಆಚಾರ್ಯನು, ನೀರು ಇಳಿಜಾರಿಗೆ ಹರಿದು ಬರುವಂತೆ ಎಲ್ಲ ಕಡೆಗಳಿಂದಲೂ ವಿದ್ಯಾರ್ಥಿಗಳು ತನ್ನ ಬಳಿಗೆ ಬರಲಿ ಎಂದು ಪ್ರಾರ್ಥಿಸುತ್ತಾನೆ. ನೀರು ಹರಿದು ಬರಬೇಕಾದರೆ ತಗ್ಗು ಇರಬೇಕು. ವಿದ್ವಾಂಸರು ಬರಬೇಕಾದರೆ ಅವರನ್ನು ಬರಮಾಡಿಕೊಳ್ಳುವ ವಿನಯವೂ ಸಿದ್ಧತೆಯೂ ಇರುವ ಸಂಸ್ಥೆಗಳಿರಬೇಕು. ಕಮಲಾ ಸೊಹೊನಿ, ಅನ್ನಾ ಮಣಿ, ರೊದ್ದಂ ನರಸಿಂಹ ಇವರಿಗೆ ಮರಳುವುದಕ್ಕೆ ಒಂದು ಕೆಲಸದ ನೆಲೆಯಿತ್ತು. ಖೊರಾನಾ ಅವರಿಗೆ 1949ರಲ್ಲಿ ಅದು ಇರಲಿಲ್ಲ. ಈ ವ್ಯತ್ಯಾಸವನ್ನು ವ್ಯಕ್ತಿಗಳ ದೇಶಭಕ್ತಿಯ ವ್ಯತ್ಯಾಸವೆಂದು ಬಗೆಯುವುದು ಅನ್ಯಾಯ. ಪದವಿ ಮುಗಿಸಿ ಬಂದವರನ್ನು ನೇಮಕಾತಿಗಾಗಿ ವರ್ಷಗಟ್ಟಲೆ ಕಾಯಿಸುವ, ಉಪಕರಣದ ಬಿಡಿಭಾಗವೊಂದಕ್ಕೆ ತಿಂಗಳುಗಟ್ಟಲೆ ಕಡತವನ್ನು ಅಲೆಸುವ ವ್ಯವಸ್ಥೆಗೆ ಹೋದವರನ್ನು ದೂರುವ ಹಕ್ಕಿಲ್ಲ.

ಈ ವಿಚಾರದಿಂದ ದೊರೆಯುವ ತೀರ್ಪು ಹೀಗಿದೆ. ಸಂಶೋಧನೆಗಾಗಿ ಕಡಲನ್ನು ದಾಟುವುದು ಧರ್ಮದಿಂದ ಜಾರುವುದಲ್ಲ; ಅಲ್ಲಿಯೇ ನೆಲೆಸುವುದೂ ತನ್ನಷ್ಟಕ್ಕೆ ದೋಷವಲ್ಲ; ಮರಳಿ ಬರುವುದೂ ತನ್ನಷ್ಟಕ್ಕೆ ಪುಣ್ಯವಲ್ಲ. ಪಡೆದುದನ್ನು ತನ್ನ ಏಳಿಗೆಗೆ ಮಾತ್ರ ಬಳಸಿ ಯಾರಿಗೂ ದಾಟಿಸದವರು, ಬೆಂಗಳೂರಿನಲ್ಲಿದ್ದರೂ ಬಾಸ್ಟನ್ನಿನಲ್ಲಿದ್ದರೂ ಸಮಾನವಾಗಿ ಋಣಿಗಳು. ಆದುದರಿಂದ ಮಕ್ಕಳನ್ನು ಕಳುಹಿಸುವ ಹಿರಿಯರು ಯಾವಾಗ ಬರುತ್ತೀ ಎಂಬ ಪ್ರಶ್ನೆಯ ಜೊತೆಗೆ ಯಾರಿಗೆ ಕಲಿಸುತ್ತೀ ಎಂಬ ಪ್ರಶ್ನೆಯನ್ನೂ ಕೇಳಬೇಕು. ಹೊರಟವರು ಹೆಸರಿಲ್ಲದ ಊರಿನ ಕಾಲೇಜಿನಿಂದ ಬರುವ ಒಂದು ಅರ್ಜಿಯನ್ನಾದರೂ ಶ್ರದ್ಧೆಯಿಂದ ಓದಬೇಕು, ತಮ್ಮ ಶಾಸ್ತ್ರವನ್ನು ತಾಯ್ನುಡಿಯಲ್ಲಿ ಒಂದು ಸಲವಾದರೂ ಬರೆಯಬೇಕು, ಹೆತ್ತವರ ಮುಪ್ಪಿಗೆ ತಮ್ಮ ವೃತ್ತಿಯ ಕಾಲದಲ್ಲಿ ಪಾಲು ತೆಗೆದಿಡಬೇಕು. ವಿಶ್ವವಿದ್ಯಾನಿಲಯಗಳನ್ನು ನಡೆಸುವವರು ಮರಳಲು ಬಯಸುವವರಿಗೆ ನ್ಯಾಯವಾದ ಆಯ್ಕೆಯನ್ನೂ ಕೆಲಸ ಮಾಡುವ ಸ್ವಾತಂತ್ರ್ಯವನ್ನೂ ಸಿದ್ಧವಾಗಿಡಬೇಕು. ವಿದ್ಯೆಯ ಋಣವು ಕಲಿತವರ ಮೇಲೆ ಎಷ್ಟಿದೆಯೋ ಕಲಿತವರನ್ನು ಉಳಿಸಿಕೊಳ್ಳಬೇಕಾದ ಸಮಾಜದ ಮೇಲೆಯೂ ಅಷ್ಟೇ ಇದೆ, ಎರಡನ್ನೂ ತೀರಿಸುವುದು ಈ ತಲೆಮಾರಿನ ಕರ್ತವ್ಯ.